ಸಹಾಯ ಬೇಕು: ಚೀಟಿ ನೋಡಿದ ಮೇಲೆ ಮುಂದೇನು?

ಮೇಷ್ಟ್ರುಗಳಿಗೆ, ಮೇಡಂಗಳಿಗೆ ನಮಸ್ಕಾರ. ಸಕಲೇಶಪುರದ ಹತ್ತಿರ ಸರ್ಕಾರಿ ಶಾಲೆಯಲ್ಲಿ 6ನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತೇನೆ. ವರ್ಷಕ್ಕೆ 4 ಎಫ್‌ಎ (ವರ್ಷದ ನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನ) ಮಾಡಿ ಅಂಕ ತುಂಬುತ್ತೇವೆ, ಅಲ್ವಾ? ಯಾರಿಗೆ ಅರ್ಥವಾಗಿಲ್ಲ ಅಂತ ಗೊತ್ತಾಗುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ.

ಅದಕ್ಕೇ ಹೋದ ವಾರ ಬೆಲ್ ಹೊಡೆಯುವ 5 ನಿಮಿಷ ಮುಂಚೆ ಚೀಟಿ ಕೊಟ್ಟು 1/2 + 1/3 ಮಾಡಿಸಿದೆ. 28 ಮಕ್ಕಳಲ್ಲಿ 11 ಜನ 2/5 ಅಂತ ಬರೆದಿದ್ದರು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾರೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತಾ ಅಂತ ಕೇಳಿ, ಅಕ್ಕಿರೊಟ್ಟಿ ಮುರಿದು ತೋರಿಸಿದೆ. 6 ಜನ ತಾವೇ ತಿದ್ದಿಕೊಂಡರು. ಉಳಿದ 5 ಜನರ ಜೊತೆ ಕೂತರೆ ಮಿಕ್ಕವರ ಗಲಾಟೆ ಜಾಸ್ತಿ. ಮಳೆ ಬಂದರೆ ಶೀಟಿನ ಸದ್ದು ಬೇರೆ!

ಒಬ್ಬರೇ ಎರಡು ಗುಂಪು ಹೇಗೆ ನಿಭಾಯಿಸುತ್ತೀರಿ? ಚೀಟಿ ದಿನಾ ಬೇಕಾ, ವಾರಕ್ಕೆ ಎರಡು ಸಲ ಸಾಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.