ಚೆಂಗ್ಡುವಿನಿಂದ ಒಂದೇ ದಿನದಲ್ಲಿ ಚಿಂಗ್‌ಚೆಂಗ್ ಬೆಟ್ಟ: ಹೋಗಿ ಬಂದವರು ಹೇಳಿ

ಕೇಳಿದವರು: ಕೆಲಸದ ಮೇಲೆ ಚೀನಾದ ಚೆಂಗ್ಡುಗೆ ಹೋಗುತ್ತಿದ್ದೇನೆ, ಜೊತೆಗೆ ಗೆಳತಿ ಇದ್ದಾಳೆ. ಬಿಡುವು ಸಿಗುವುದು ಒಂದು ಭಾನುವಾರ ಮಾತ್ರ. ಚೀನಾದ ಹಳೆಯ ಧಾರ್ಮಿಕ ಪಂಥವಾದ ತಾವೋ ಪಂಥದವರ ಚಿಂಗ್‌ಚೆಂಗ್ ಬೆಟ್ಟ ನೋಡುವ ಆಸೆ. ಅವಳಿಗೆ ಮಂಡಿನೋವು, ನಾನು ಸಸ್ಯಾಹಾರಿ. ದುಜಿಯಾಂಗ್ಯಾನ್ ನೀರಾವರಿಯನ್ನೂ ಅದೇ ದಿನ ನೋಡಬಹುದಾ?

ಮೈಸೂರಿನವಳು: ನಾನೂ ಗೆಳತಿಯ ಜೊತೆಗೇ ಹೋಗಿದ್ದೆ. ಮೆಟ್ರೋದಲ್ಲಿ ಶೀಪು ನಿಲ್ದಾಣ, ಅಲ್ಲಿಂದ ರೈಲು. ಅರ್ಧ ಗಂಟೆ ಆಸುಪಾಸು. ಪಾಸ್‌ಪೋರ್ಟ್ ಮರೆಯಬೇಡಿ, ಅದಿಲ್ಲದೆ ರೈಲು ಹತ್ತಿಸುವುದಿಲ್ಲ. ಚಿಂಗ್‌ಚೆಂಗ್‌ನಲ್ಲಿ ಮುಂಭಾಗದ್ದು, ಹಿಂಭಾಗದ್ದು ಎಂದು ಎರಡು ಬೆಟ್ಟ. ರೈಲಿಳಿದು ಬಸ್ ಹತ್ತುವ ಮುಂಚೆ 'ಮುಂದಿನ ಬೆಟ್ಟ' ತಾನೇ ಎಂದು ಎರಡು ಸಲ ಕೇಳಿ. ಹಿಂದಿನ ಬೆಟ್ಟ ಬೇರೆ, ದೂರ, ಟಿಕೆಟ್ಟೂ ಬೇರೆ. ಅಲ್ಲಿ ಝರಿ, ಕಾಡು ಜಾಸ್ತಿ. ಹಳೆಯ ತಾವೋ ಗುಡಿಗಳು ಇರುವುದು ಮುಂದಿನದರಲ್ಲಿ.

ಮಂಡಿನೋವಿಗೆ ದಾರಿ ಇದೆ. ಯುಎಚೆಂಗ್ ಕೆರೆಯನ್ನು ದೋಣಿಯಲ್ಲಿ ದಾಟಿದರೆ ರೋಪ್‌ವೇ. ಇಳಿದ ಮೇಲೂ ಶಾಂಗ್‌ಚಿಂಗ್ ಗುಡಿಗೆ ಸ್ವಲ್ಪ ಮೆಟ್ಟಿಲುಗಳಿವೆ, ಅಷ್ಟು ಸಹಿಸಿಕೊಳ್ಳಬೇಕು. ಆದರೆ ಹೀಗೆ ಹೋದರೆ ತಿಯೆನ್‌ಶಿ ಗುಹೆ ತಪ್ಪಿಹೋಗುತ್ತದೆ, ಅದು ನಡೆಯುವ ದಾರಿಯಲ್ಲಿದೆ. ಎರಡನೆಯ ಶತಮಾನದಲ್ಲಿ ತಾವೋ ಗುರು ಝಾಂಗ್ ದಾವ್‌ಲಿಂಗ್ ಬೋಧನೆ ಮಾಡಿದ ಜಾಗ ಅದು. ಅಂಗಳದಲ್ಲಿ ದೊಡ್ಡ ಗಿಂಕೊ ಮರ, ಆತನೇ ನೆಟ್ಟದ್ದು ಎನ್ನುತ್ತಾರೆ. ಅದಕ್ಕೇ ನಾನು ನಡೆದೆ, ಅವಳು ರೋಪ್‌ವೇ ಹತ್ತಿದಳು. ಮೇಲೆ ಸೇರೋಣ ಎಂದಿದ್ದೆವು. ಎಲ್ಲಿ ಎಂದು ಹೇಳಿಕೊಳ್ಳಲಿಲ್ಲ! ನಾನು ಗುಡಿ ಬಾಗಿಲಲ್ಲಿ, ಅವಳು ರೋಪ್‌ವೇ ಕಟ್ಟೆಯಲ್ಲಿ, ನಲವತ್ತು ನಿಮಿಷ. ಸಿಕ್ಕ ಮೇಲೆ ಮರದ ಫೋಟೊ ತೋರಿಸಿದರೆ 'ಮರ ನಮ್ಮೂರಲ್ಲೂ ಇದೆ' ಅಂದಳು.

ಮೆಟ್ಟಿಲ ಮೇಲೆ ಪಾಚಿ, ಸದಾ ಒದ್ದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ ಧೈರ್ಯದಲ್ಲಿ ಸುಮ್ನೆ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ತುದಿಯ ಲಾವ್‌ಜುನ್ ಮಂಟಪ 1,260 ಮೀಟರ್ ಎತ್ತರದಲ್ಲಿದೆ. ನಾವು ಹೋದಾಗ ಮಂಜು ಬಿಟ್ಟರೆ ಏನೂ ಕಾಣಲಿಲ್ಲ.

ಶಿರಸಿಯವ: ದುಜಿಯಾಂಗ್ಯಾನ್ ಸೇರಿಸಬೇಡಿ ಅನ್ನುವವರೇ ಜಾಸ್ತಿ. ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಏಳಕ್ಕೆ ಹೊರಟು, ಎರಡೂ ದಾರಿ ರೋಪ್‌ವೇ ಹಿಡಿದರೆ ಮಧ್ಯಾಹ್ನ ಅಲ್ಲಿರುತ್ತೀರಿ. ಕ್ರಿ.ಪೂ. 256ರ ಹೊತ್ತಿಗೆ ಲೀ ಬಿಂಗ್ ಎಂಬ ಅಧಿಕಾರಿ ಶುರು ಮಾಡಿಸಿದ್ದು. ಅಣೆಕಟ್ಟೇ ಇಲ್ಲ. ಮೀನಿನ ಬಾಯಿಯಂಥ ದಿಬ್ಬ ಕಟ್ಟಿ ಮಿನ್ ನದಿಯನ್ನು ಎರಡಾಗಿ ಸೀಳಿದ್ದಾರೆ. ಇವತ್ತಿಗೂ ಹೊಲಕ್ಕೆ ನೀರು ಹೋಗುತ್ತದೆ. ತೋಟಕ್ಕೆ ನೀರು ತಿರುಗಿಸಿ ಗೊತ್ತಿರುವವನಿಗೆ ಗುಡಿಗಿಂತ ಅದೇ ದೊಡ್ಡದು ಅನ್ನಿಸಿತು, ಬೈಕೊಳ್ಳಬೇಡಿ.

ಚೆಂಗ್ಡುವಿನಲ್ಲಿ ಓದಿದವಳು: ಊಟದ ವಿಷಯ ಯಾರೂ ಹೇಳಲಿಲ್ಲ ಅಲ್ವಾ? ಚೆಂಗ್ಡು ಇರುವ ಸಿಚುವಾನ್ ಪ್ರಾಂತ್ಯದಲ್ಲಿ 'ತೋಫು' (ಸೋಯಾ ಪನೀರ್) ಅಂದ ತಕ್ಷಣ ಸಸ್ಯಾಹಾರ ಅಂದುಕೊಳ್ಳಬೇಡಿ. ಮಾಪೊ ತೋಫುವಿನಲ್ಲಿ ಮಾಂಸದ ಚೂರು ಇರುತ್ತದೆ. ಮಾಂಸ, ಮೀನು, ಮಾಂಸದ ಸಾರು ಬೇಡ ಎಂದು ಚೀನಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ. ಬೆಟ್ಟದ ಉಪ್ಪಿನಕಾಯಿಗೆ ಹೆಸರಿದೆ. ಗಿಂಕೊ ಬೀಜದ ಸಾರೂ ಪ್ರಸಿದ್ಧವೇ, ಆದರೆ ಅದರಲ್ಲಿ ಕೋಳಿ ಹಾಕುತ್ತಾರೆ. ನಾಲಿಗೆ ಜುಮ್ಮೆಂದರೆ ಹೆದರಬೇಡಿ, ಅಲ್ಲಿನ ಮೆಣಸು ನಮ್ಮ ಕರಾವಳಿಯ ಜುಮ್ಮನಕಾಯಿಯ ಹತ್ತಿರದ ನಂಟ. ಹಣಕ್ಕೆ, ಫೋನಿನಲ್ಲೇ ಪಾವತಿಸುವ ಅಲಿಪೇ ಆ್ಯಪ್‌ನಲ್ಲಿ ಕಾರ್ಡ್ ಸೇರಿಸಿಕೊಂಡೇ ಹೊರಡಿ.

ಇನ್ನೊಂದು. ಗುಡಿಯ ಹೊಸ್ತಿಲು ಮೊಣಕಾಲೆತ್ತರ ಇರುತ್ತದೆ. ತುಳಿಯಬಾರದು, ದಾಟಬೇಕು. ಅಜ್ಜಿ ಹೇಳಿಕೊಟ್ಟದ್ದು ಅಲ್ಲಿ ಕೆಲಸಕ್ಕೆ ಬಂತು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಗೆಳತಿಗೆ ಓದಿ ಹೇಳಿದೆ. ರೋಪ್‌ವೇ ಅವಳಿಗೆ, ಮೆಟ್ಟಿಲು ನನಗೆ ಅಂತ ಆಯಿತು. ಸೇರುವುದು ಶಾಂಗ್‌ಚಿಂಗ್ ಗುಡಿ ಬಾಗಿಲಲ್ಲಿ. ನೀರಾವರಿ ಇನ್ನೂ ಜಗಳದಲ್ಲಿದೆ.