ವೈರ್‌ಲೆಸ್ ಸೆಟ್ಟಿನ ‘ಹ್ಯಾಂಗ್ ಅಪ್’ ವೈರು: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಸಂಡೂರು ಕಡೆ ಗಣಿ ಗಾಡಿಗಳ ವೈರ್‌ಲೆಸ್ ಸೆಟ್ ರಿಪೇರಿ ಮಾಡುವ ಹುಡುಗರಿಗೆ ಒಂದು ಪುಟದ ಚೀಟಿ ಬರೆಯುತ್ತಿದ್ದೇನೆ. ‘ಹ್ಯಾಂಗ್ ಅಪ್ ವೈರು’ ಅನ್ನುವಲ್ಲಿ ಪೆನ್ನು ನಿಂತಿದೆ. ಇಲ್ಲಿ ಹ್ಯಾಂಗ್ ಅಂದ್ರೆ ಮೊಬೈಲು ಮುಷ್ಕರ ಹೂಡಿದೆ ಅಂತಲೇ ಅರ್ಥ. ‘ಹ್ಯಾಂಗ್ ಅಪ್ ನೋಡಪ್ಪಾ’ ಅಂದರೆ ಸೆಟ್ ಆಫ್ ಮಾಡಿ ಆನ್ ಮಾಡ್ತಾರೆ!

ಸಂಗತಿ ಇಷ್ಟೇ. ಮೈಕಿನ ಬೆನ್ನಿಗೆ ಲೋಹದ ಗುಂಡಿ ಇರುತ್ತದೆ, ಅದರಿಂದ ಸೆಟ್ಟಿಗೆ ಹೋಗುವುದೇ ಈ ‘ಹ್ಯಾಂಗ್ ಅಪ್’ ವೈರು. ಗುಂಡಿಯನ್ನು ಸಿಕ್ಕಿಸುವ ಕ್ಲಿಪ್ಪು ಗಾಡಿಯ ಬಾಡಿಗೆ, ಅಂದರೆ ಬ್ಯಾಟರಿಯ ನೆಗೆಟಿವ್‌ಗೆ ಸೇರಿರುತ್ತದೆ. ಮೈಕ್ ಸಿಕ್ಕಿಸಿದಾಗ ಗುಂಡಿ ಕ್ಲಿಪ್ಪಿಗೆ ತಾಗಿ ಆ ವೈರಿಗೆ ಅರ್ಥಿಂಗ್ ಸಿಗುತ್ತದೆ. ಆಗ ನಮ್ಮ ಟೋನ್, ಅಂದರೆ ನಮ್ಮ ಗುಂಪಿನ ಗುರುತಿಗೆ ಮಾತಿನ ಜೊತೆಗೇ ಹೋಗುವ ಸಣ್ಣ ದನಿ, ಇರುವ ಮಾತು ಬಂದರೆ ಮಾತ್ರ ಸ್ಪೀಕರ್ ಬಾಯಿ ಬಿಡುತ್ತದೆ. ಈ ಟೋನ್ ಸಾಮಾನ್ಯವಾಗಿ 67ರಿಂದ 254.1 ಹರ್ಟ್ಜ್ ನಡುವೆ ಇರುತ್ತದೆ, ಮಾತಿನ ಕೆಳಗೇ ಹರಿಯುತ್ತದೆ, ಸೆಟ್ಟು ಅದನ್ನು ಸೋಸಿಬಿಡುವುದರಿಂದ ನಮಗೆ ಕೇಳಿಸುವುದಿಲ್ಲ. ಮೈಕ್ ಎತ್ತಿದರೆ ಸಂಪರ್ಕ ತಪ್ಪಿ ಟೋನಿನ ಬೀಗ ತೆರೆಯುತ್ತದೆ, ಆ ಚಾನೆಲ್‌ನಲ್ಲಿ ಇರುವವರೆಲ್ಲ ಕೇಳಿಸುತ್ತಾರೆ. ಬೇಕೆಂದೇ ಹಾಗೆ ಮಾಡಿದ್ದು. ಮಾತಾಡುವ ಮುಂಚೆ ಬೇರೆ ಯಾರಾದರೂ ಮಾತಾಡ್ತಿದ್ದಾರಾ ಅಂತ ತಿಳಿಯಬೇಕಲ್ವಾ?

ತೊಂದರೆ ಬರೋದು ಅದೇ ಸೆಟ್ಟನ್ನು ಗಾಡಿಯಿಂದ ಬಿಚ್ಚಿ ವೇಬ್ರಿಡ್ಜ್ ಕೋಣೆಯ ಮೇಜಿನ ಮೇಲಿಟ್ಟಾಗ. ಕ್ಲಿಪ್ಪನ್ನು ಮರಕ್ಕೆ ಸ್ಕ್ರೂ ಹೊಡೆದಿರುತ್ತಾರೆ, ಮರಕ್ಕೆಲ್ಲಿಯ ಅರ್ಥಿಂಗು? ಮೈಕ್ ಕೈಯಲ್ಲೇ ಇದೆ ಅಂತ ಸೆಟ್ಟು ತಿಳಿದು ದಿನವಿಡೀ ಊರವರ ಮಾತೆಲ್ಲ ಕೇಳಿಸುತ್ತದೆ. ಕೆಲವರು ಮೈಕ್ ಬಿಚ್ಚಿ ಒಳಗೇ ಆ ವೈರನ್ನು ಗ್ರೌಂಡಿಗೆ ಬೆಸೆಯುತ್ತಾರೆ. ಗಲಾಟೆ ನಿಲ್ಲುತ್ತದೆ, ನಿಜ. ಆದರೆ ಎತ್ತಿದರೂ ಬೀಗ ತೆರೆಯುವುದಿಲ್ಲ, ಅದನ್ನು ತೆರೆಯಲು ಪ್ರತಿ ಸಲ ಸೆಟ್ಟಿನ ಮಾನಿಟರ್ ಬಟನ್ ಒತ್ತಬೇಕು, ಬಟನ್ ಯಾರೂ ಒತ್ತುವುದಿಲ್ಲ, ಇನ್ನೊಬ್ಬರ ಮಾತಿನ ಮೇಲೇ ಮಾತು ಬೀಳುತ್ತದೆ. ಕ್ಲಿಪ್ಪಿನ ಸ್ಕ್ರೂನಿಂದ ಸೆಟ್ಟಿನ ಲೋಹದ ಮೈಗೆ ಒಂದು ವೈರ್ ಎಳೆಯುವುದೇ ಸರಿ ಅಂತ ನನ್ನ ಲೆಕ್ಕ. ಇಟ್ಟಾಗ ಗಲಾಟೆ ಇರಲ್ಲ, ಎತ್ತಿದಾಗ ಬೀಗವೂ ತೆರೆಯುತ್ತದೆ.

ಈಗ ಪದ. ‘ತೂಗು ವೈರು’ ಅಂದರೆ ವೈರೇ ಜೋತುಬಿದ್ದಿದೆ ಅನಿಸುತ್ತದೆ. ‘ಕೊಕ್ಕೆ ವೈರು’ ಬಾಯಿಗೆ ಸಲೀಸು, ಆದರೆ ಕೊಕ್ಕೆ ಹಾಕೋದು ಅಂದ್ರೆ ಅಡ್ಡಗಾಲು ಹಾಕೋದು, ಇಲ್ಲವೇ ಕಂಬದಿಂದ ಕದ್ದು ಕರೆಂಟ್ ಎಳೆಯೋದು. ವೈರಿನ ಚೀಟಿಯಲ್ಲಿ ಅದು ಬೇಡ. ನನಗೆ ಹಿಡಿಸಿದ್ದು ಫೋನಿನ ಮಾತು. ಫೋನ್ ‘ಇಟ್ಟ’, ಫೋನ್ ‘ಎತ್ತಿದ’ ಅಂತೀವಿ, ನೇತುಹಾಕಿದ ಅಂತ ಯಾರೂ ಅನ್ನಲ್ಲ. ಹಾಗಾಗಿ ಸ್ಥಿತಿಗೆ ‘ಇಟ್ಟಾಗ’, ‘ಎತ್ತಿದಾಗ’ ಅಂತ ಬರೆದಿದ್ದೇನೆ. ವೈರಿಗೆ ಮಾತ್ರ ಹೆಸರು ಕುದುರುತ್ತಿಲ್ಲ. ‘ಮೈಕ್-ಇಟ್ಟ ವೈರು’ ಕೇಳೋಕೆ ಹೇಗಿದೆ?

ಇನ್ನೊಂದು. ವರ್ಕ್‌ಶಾಪಲ್ಲಿ ‘ಅದನ್ನ ಬಾಡಿಗೆ ಕೊಡು’ ಅಂತಾರೆ. ಎದುರಿಗೆ ಗಾಡಿ ಇದ್ದಾಗ ಸರಿ. ಕಾಗದದಲ್ಲಿ ಓದಿದರೆ ವೈರನ್ನು ತಿಂಗಳಿಗೆಷ್ಟಕ್ಕೆ ಬಾಡಿಗೆಗೆ ಕೊಡೋದು ಅನ್ನೋ ಹಾಗಿದೆ! ‘ಬಾಡಿ ಅರ್ಥಿಂಗ್ ಕೊಡು’ ಅಂತ ಸುಮ್ನೆ ಉದ್ದ ಮಾಡಿದ್ದೇನೆ, ಇದಕ್ಕಿಂತ ಚಿಕ್ಕದು ಇದೆಯಾ? ಹಳೇ ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ಕೆಲಸ ಮಾಡಿದವರು, ರಾಯಚೂರು ಕೊಪ್ಪಳ ಕಡೆ ಲೈನ್‌ಮನ್ ಆಗಿದ್ದವರು ಯಾರಾದರೂ ಇದ್ದರೆ, ನೀವು ಬಾಯಲ್ಲಿ ಏನನ್ನುತ್ತಿದ್ದಿರಿ ಅಂತ ತಿಳಿಸಿ.