ಕಬ್ಬಿನ ಗದ್ದೆಯಲ್ಲಿ ಬಿದ್ದ ಸರ: ಮೆಟಲ್ ಡಿಟೆಕ್ಟರ್‌ಗೆ 15 ಇಂಚಿನ ಕಾಯಿಲ್ ಬೇಕಾ, 6 ಇಂಚಿನದು ಸಾಕಾ?

ಪ್ರಶ್ನೆ (ಪಾಂಡವಪುರ ತಾಲ್ಲೂಕಿನ ರೈತರು):
ಸಾರ್, ಕಬ್ಬು ಕಡಿಸುವಾಗ ನಮ್ಮನೆಯವರ ಮಾಂಗಲ್ಯದ ಸರ ಗದ್ದೆಯಲ್ಲೇ ಬಿದ್ದುಹೋಗಿದೆ. 20 ಗ್ರಾಂ ಚಿಲ್ಲರೆ. ಸಣ್ಣ ಕೊಂಡಿಯ ಸರ, ಎರಡು ತಾಳಿಬೊಟ್ಟು, ನಾಲ್ಕು ಗುಂಡು, ನಡುವೆ ಕರಿಮಣಿ. ಜಾಗ ಸುಮಾರಾಗಿ ಗೊತ್ತು, 4 ಗುಂಟೆ ಒಳಗೇ ಇರಬೇಕು. ಸ್ನೇಹಿತರದ್ದು ಮೈನ್‌ಲ್ಯಾಬ್ ಇಕ್ವಿನಾಕ್ಸ್ 800 ಮೆಟಲ್ ಡಿಟೆಕ್ಟರ್ ಇದೆ, 11 ಇಂಚಿನ ಕಾಯಿಲ್ (ಕೋಲಿನ ತುದಿಯಲ್ಲಿ ನೆಲದ ಮೇಲೆ ಬೀಸೋ ತಟ್ಟೆ). ಬೀಸಿ ನೋಡಿದ್ವಿ, ಒಂದೇ ಸಮ ಕಿರುಚುತ್ತೆ, ಮೊಳೆ ತಂತಿ ಬಿಟ್ರೆ ಏನೂ ಸಿಗಲಿಲ್ಲ. ಅಂಗಡಿಯವರು 15×12ರ ದೊಡ್ಡ ಕಾಯಿಲ್ ಹಾಕಿ, ಆಳಕ್ಕೆ ಹೋಗುತ್ತೆ ಅಂತಾರೆ. ತಗೊಳ್ಳೋದಾ? ಕೂಳೆ ಬಿಟ್ಟಿದ್ದೀವಿ, ಮೋಟು ಮೂರ್ನಾಲ್ಕು ಇಂಚು ಇದೆ, ತರಗು ಹಂಗೇ ಬಿದ್ದಿದೆ. ತರಗಿಗೆ ಬೆಂಕಿ ಕೊಟ್ಟುಬಿಟ್ರೆ ಹುಡುಕೋದು ಸಲೀಸಾಗುತ್ತಾ?

ಉತ್ತರ (ಡಿಟೆಕ್ಟರ್ ತಂತ್ರಜ್ಞರು, ಮೈಸೂರು):
ಮೊದಲು ಬೆಂಕಿ ವಿಷಯ. ಹಾಕಲೇಬೇಡಿ. ತರಗಿನ ಬೆಂಕಿಗೆ ಚಿನ್ನ ಕರಗುವುದಿಲ್ಲ, ಆದರೆ ಕರಿಮಣಿ ಪೋಣಿಸಿದ ದಾರ ಸುಟ್ಟು ಗುಂಡು, ಬೊಟ್ಟು ಎಲ್ಲಾ ಬಿಡಿಬಿಡಿಯಾಗುತ್ತವೆ. ಒಂದು ಕಡೆ ಇದ್ದ ಸರ ಹತ್ತು ಕಡೆ ಹುಡುಕುವ ಕೆಲಸವಾಗುತ್ತದೆ. ಹಾಗೆಯೇ ಸಿಗುವ ತನಕ ಆ ನಾಲ್ಕು ಗುಂಟೆಗೆ ರೋಟವೇಟರ್ ಇಳಿಸಬೇಡಿ, ನೀರು ಬಿಡಬೇಡಿ, ಟ್ರ್ಯಾಕ್ಟರ್ ಹತ್ತಿಸಬೇಡಿ.

15×12 ಬೇಡ. ನಿಮಗೆ ಬೇಕಿರುವುದು 6 ಇಂಚಿನ ದುಂಡನೆಯ ಕಾಯಿಲ್. ಸಿಕ್ಕರೆ ಕಾಯಿಲ್‌ಟೆಕ್ ಕಂಪನಿಯ 10×5ರ ಉದ್ದ ಕಾಯಿಲ್ ಇನ್ನೂ ಅನುಕೂಲ. ಕಾರಣ ಹೇಳುತ್ತೇನೆ.

ಸರ ಬಿದ್ದಿರುವುದು ತರಗಿನ ಕೆಳಗೆ, ಮಣ್ಣಿನ ಮೇಲೆ. ಕಾಲು ತುಳಿದಿದ್ದರೆ ಎರಡು ಮೂರು ಇಂಚು ಒಳಗೆ ಹೋಗಿರಬಹುದು. ಅಷ್ಟಕ್ಕೆ ಯಾವ ದೊಡ್ಡ ಕಾಯಿಲೂ ಬೇಕಿಲ್ಲ. ತೊಂದರೆ ಇರುವುದು ಮೋಟಿನಲ್ಲಿ. ಕಾಯಿಲ್ ಅಗಲವಾದಷ್ಟೂ ಮೋಟಿನ ಮೇಲೆಯೇ ಓಡಾಡುತ್ತದೆ, ನೆಲ ಮುಟ್ಟುವುದಿಲ್ಲ. ನಾಲ್ಕು ಇಂಚು ಮೇಲೆ ಬೀಸಿದರೆ ಆ ನಾಲ್ಕು ಇಂಚು ಆಳ ಅಲ್ಲಿಗೇ ಹೋಯಿತು. ಕಾಯಿಲ್‌ನಿಂದ ಹೊರಟ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ, ಲೋಹದಿಂದ ವಾಪಸ್ ಬರುವುದೂ ಹಾಗೆಯೇ ಇಳಿಯುತ್ತದೆ. ಎರಡೂ ಸೇರಿ ಸುಮಾರು ಆರನೆಯ ಘಾತ. ದೂರ ಎರಡರಷ್ಟಾದರೆ ಸದ್ದು ಅರ್ಧವಾಗುವುದಿಲ್ಲ, ಅರವತ್ತರಲ್ಲಿ ಒಂದು ಪಾಲಿಗೆ ಬರುತ್ತದೆ. ಅಂಗಡಿಯವರ ‘ಆಳಕ್ಕೆ ಹೋಗುತ್ತೆ’ ಮಾತು ನಾಣ್ಯಕ್ಕೆ, ಬಿಂದಿಗೆಗೆ ಸರಿ, ಅದೂ 11ರಿಂದ 15ಕ್ಕೆ ಹೋದರೆ ನಾಣ್ಯಕ್ಕೆ ಸಿಗುವುದು ಒಂದೆರಡು ಇಂಚು.

ಎರಡನೆಯದು, ಸರ. 20 ಗ್ರಾಂ ಚಿನ್ನ ಅಂತ ನಮಗೆ ಕಾಣುತ್ತದೆ, ಮಿಷನ್‌ಗೆ ಹಾಗೆ ಕಾಣುವುದಿಲ್ಲ. ಉಂಗುರ ಒಂದೇ ಸುತ್ತು, ಅದರಲ್ಲಿ ವಿದ್ಯುತ್ ಚೆನ್ನಾಗಿ ಸುತ್ತುತ್ತದೆ, ಜೋರಾಗಿ ಕೂಗುತ್ತದೆ. ಸರದಲ್ಲಿ ಕೊಂಡಿಯಿಂದ ಕೊಂಡಿಗೆ ತಾಗುವುದು ಸಡಿಲ, ಹಾಗಾಗಿ ಒಂದೊಂದು ಕೊಂಡಿಯೂ ಬೇರೆ ಬೇರೆ ಚೂರಿನ ಹಾಗೆ. ನಿಮ್ಮ ಸರದಲ್ಲಿ ಮಿಷನ್ ಹಿಡಿಯುವುದು ಮುಖ್ಯವಾಗಿ ತಾಳಿಬೊಟ್ಟು, ಆಮೇಲೆ ಗುಂಡು, ಕೊನೆಗೆ ಕೊಕ್ಕೆ. ಇಷ್ಟು ಸಣ್ಣ ವಸ್ತುವಿಗೆ ಸಣ್ಣ ಕಾಯಿಲ್‌ನ ಒತ್ತಾದ ಕ್ಷೇತ್ರವೇ ಬೇಕು. 15 ಇಂಚಿನ ಕಾಯಿಲ್ ಸಣ್ಣ ಚಿನ್ನವನ್ನು ದಾಟಿಕೊಂಡೇ ಹೋಗಬಹುದು.

ಮೂರನೆಯದು, ನೀವು ಹೇಳಿದ ಒಂದೇ ಸಮನೆಯ ಕಿರುಚಾಟ. 11 ಇಂಚಿನ ಕಾಯಿಲ್ ಕೆಳಗೆ ಒಂದೇ ಸಲಕ್ಕೆ ಮೊಳೆ, ತಂತಿ ಚೂರು, ಕ್ವಾರ್ಟರ್ ಬಾಟಲಿ ಮುಚ್ಚಳ ಮೂರೂ ಬಂದರೆ ಸದ್ದು ಕಲಸಿಹೋಗುತ್ತದೆ, ಪಕ್ಕದ ಚಿನ್ನವನ್ನು ಕಬ್ಬಿಣ ನುಂಗಿಬಿಡುತ್ತದೆ. 6 ಇಂಚಿನದು ಒಂದೊಂದನ್ನೇ ಬಿಡಿಸಿ ತೋರಿಸುತ್ತದೆ.

ಒಂದು ಜಾಗಕ್ಕೆ ಮಾತ್ರ 11 ಇಂಚಿನದನ್ನೇ ಇಟ್ಟುಕೊಳ್ಳಿ: ಕಬ್ಬು ತುಂಬಿಸಲು ಟ್ರ್ಯಾಕ್ಟರ್ ಅಥವಾ ಗಾಡಿ ನಿಂತ ಜಾಡು. ಹಸಿ ಮಣ್ಣಿನಲ್ಲಿ ಚಕ್ರ ಹತ್ತಿದ್ದರೆ ಐದಾರು ಇಂಚು ಕೆಳಗೆ ತಳ್ಳಿರಬಹುದು. ಅಲ್ಲಿ ಮೋಟೂ ಚಪ್ಪಟೆಯಾಗಿರುತ್ತದೆ.

ಮರುಪ್ರಶ್ನೆ (ಅದೇ ರೈತರು):
ಸರಿ ಸಾರ್. 6 ಇಂಚಿನದಕ್ಕೆ 4 ಗುಂಟೆ ಎಷ್ಟು ಹೊತ್ತಾಗುತ್ತೆ? ಸೆಟ್ಟಿಂಗ್ ಏನಿಡೋದು? ಗದ್ದೆ ಮೇಲೇ ಕರೆಂಟ್ ಲೈನ್ ಹೋಗಿದೆ, ಪಕ್ಕದಲ್ಲಿ ಪಂಪ್‌ಸೆಟ್ ಬೇರೆ.

ಉತ್ತರ:
ಒಂದು ಗುಂಟೆ ಅಂದರೆ 33 ಅಡಿ ಚೌಕ. ಮೂರು ಅಡಿ ಸಾಲಾದರೆ 11 ಸಾಲು. ಒಂದೊಂದು ಬೀಸಿಗೂ ಮೂರು ಇಂಚು ಮುಂದೆ ಹೋದರೆ ಸಾಲಿಗೆ 130 ಬೀಸು ಚಿಲ್ಲರೆ, ಅಗೆಯುವುದು ಬಿಟ್ಟು ಗುಂಟೆಗೆ ಸುಮಾರು ಮುಕ್ಕಾಲು ಗಂಟೆ. ಅಗೆತ ಸೇರಿದರೆ ಎರಡು ಗಂಟೆಯಾದರೂ ಹಿಡಿಯುತ್ತದೆ. ಎರಡು ದಿನದ ಕೆಲಸ ಅಂತಲೇ ಇಳಿಯಿರಿ, ಅವಸರಕ್ಕೆ ಬೀಸಿದರೆ ಮತ್ತೆ ಮೊದಲಿನಿಂದ ಶುರು.

ತರಗನ್ನು ಬಿದಿರಿನ ಕೋಲಿನಲ್ಲಿ ಎಳೆದು ಒಂದು ಟಾರ್ಪಾಲ್ ಮೇಲೆ ತೆಳ್ಳಗೆ ಹರಡಿ, ಅದರ ಮೇಲೂ ಕಾಯಿಲ್ ಆಡಿಸಿ. ಸರ ತರಗಿಗೇ ಸಿಕ್ಕಿಕೊಂಡು ಬದುವಿಗೆ ಹೋಗಿರುವುದು ಅಪರೂಪವಲ್ಲ. ಆಮೇಲೆ ಸಾಲಿಗೆ ಹುರಿ ಕಟ್ಟಿಕೊಂಡು ಹಳ್ಳದಲ್ಲಿ ಒಂದು ಸಲ, ದಿಂಡಿನ ಎರಡೂ ಪಕ್ಕ ಒಂದೊಂದು ಸಲ. 10×5 ಆದರೆ ಮೋಟಿನ ನಡುವೆ ಉದ್ದಕ್ಕೆ ನುಗ್ಗುತ್ತದೆ, ಅದಕ್ಕೇ ಅದನ್ನು ಹೇಳಿದ್ದು.

ಮಿಷನ್‌ನಲ್ಲಿ ಫೀಲ್ಡ್ 2 ಎಂಬ ಮೋಡ್ ಇಡಿ, ಸಣ್ಣ ಚಿನ್ನಕ್ಕೆ ಅದು ಅಥವಾ ಪಾರ್ಕ್ 2. ರಿಕವರಿ ಸ್ಪೀಡ್ (ಒಂದು ಸದ್ದು ಮುಗಿಸಿ ಮುಂದಿನದಕ್ಕೆ ಅಣಿಯಾಗುವ ವೇಗ) 5 ಅಥವಾ 6. ಸೆನ್ಸಿಟಿವಿಟಿ 18ರಿಂದ ಶುರು ಮಾಡಿ, ಗಲಾಟೆ ಇದ್ದರೆ ಒಂದೊಂದೇ ಇಳಿಸಿ. 14ರಲ್ಲಿ ಶಾಂತವಾಗಿ ಓಡುವ ಮಿಷನ್, 22ರಲ್ಲಿ ಕಿರುಚುವ ಮಿಷನ್‌ಗಿಂತ ಹೆಚ್ಚು ಹಿಡಿಯುತ್ತದೆ.

ಕರೆಂಟ್ ಲೈನ್‌ಗೆ ಮೊದಲು ನಾಯ್ಸ್ ಕ್ಯಾನ್ಸಲ್: ಕಾಯಿಲ್ ಅಲುಗಾಡಿಸದೆ ಹಿಡಿದು ಬಟನ್ ಒತ್ತಿ, ಅದು ಚಾನೆಲ್ ಹುಡುಕಿ ಮುಗಿಸುವ ತನಕ ಸುಮ್ಮನಿರಿ. ಪಂಪ್‌ಸೆಟ್ ಸ್ಟಾರ್ಟರ್ ಆಫ್ ಮಾಡಿಸಿ. ಮೊಬೈಲ್ ಜೇಬಿನಲ್ಲಿ ಬೇಡ, ಬದುವಿನ ಮೇಲಿರಲಿ. ಸೊಂಟದ ಕುಡುಗೋಲು, ಕಬ್ಬಿಣ ಹಾಕಿದ ಬೂಟು ಕೂಡ ಬೇಡ. ಹೊರಗಿನ ಈ ಗಲಾಟೆಯನ್ನೂ ದೊಡ್ಡ ಕಾಯಿಲೇ ಹೆಚ್ಚು ಎಳೆದುಕೊಳ್ಳುವುದು.

ಆಮೇಲೆ ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನದೇ ಸದ್ದನ್ನು ಮಿಷನ್ ಲೆಕ್ಕಕ್ಕೆ ತೆಗೆದುಕೊಳ್ಳದ ಹಾಗೆ ಹೊಂದಿಸುವುದು. ಲೋಹ ಇಲ್ಲದ ಜಾಗ ನೋಡಿ, ಬಟನ್ ಒತ್ತಿಹಿಡಿದು ಕಾಯಿಲನ್ನು ನೆಲದಿಂದ ಅರ್ಧ ಅಡಿ ಮೇಲಕ್ಕೂ ಒಂದೆರಡು ಇಂಚಿಗೂ ಏರಿಳಿಸಿ, ಸದ್ದು ಅಡಗುವ ತನಕ. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಇದೆ, ಇದು ತಪ್ಪಿಸುವ ಕೆಲಸವಲ್ಲ. ಕೆಂಪು ಮುಗಿದು ಕಪ್ಪು ಎರೆ ಶುರುವಾದರೆ ಮತ್ತೆ ಮಾಡಿ. ಇಟ್ಟಿಗೆ ಗೂಡು ಇದ್ದ ಜಾಗ, ಆಲೆಮನೆ ಬೂದಿ ಸುರಿದ ಜಾಗದಲ್ಲೂ ಮತ್ತೆ ಮಾಡಬೇಕು, ಏಕೆಂದರೆ ಸುಟ್ಟ ಮಣ್ಣು ಅಯಸ್ಕಾಂತಕ್ಕೆ ಹೆಚ್ಚು ಸ್ಪಂದಿಸುತ್ತದೆ. ಒಂದು ಕಡೆಯಿಂದ ಬೀಸಿದರೆ ಕೂಗಿ ಅಡ್ಡ ಬೀಸಿದರೆ ಸುಮ್ಮನಾಗುವ ಸದ್ದಾದರೆ ಇಟ್ಟಿಗೆ ಚೂರು ಇರಬಹುದು. ನೀರು ನಿಂತ, ಗೊಬ್ಬರ ಹಾಕಿದ ಹಸಿ ಮಣ್ಣು ವಿದ್ಯುತ್ ಹರಿಸುತ್ತದೆ, ಸಣ್ಣ ಸದ್ದನ್ನು ಮುಚ್ಚಿಹಾಕುತ್ತದೆ. ಅದಕ್ಕೇ ನೀರು ಬಿಡಬೇಡಿ ಅಂದಿದ್ದು.

ಮುಖ್ಯವಾದ ಮಾತು, ಸದ್ದಿನ ಜೊತೆ ಪರದೆಯಲ್ಲಿ ಬರುವ ನಂಬರ್ ನಂಬಬೇಡಿ. ಇಕ್ವಿನಾಕ್ಸ್‌ನಲ್ಲಿ ಸೊನ್ನೆ ಮತ್ತು ಕೆಳಗೆ ಕಬ್ಬಿಣ, ಸಣ್ಣ ಚಿನ್ನ ಸಾಮಾನ್ಯವಾಗಿ 1ರಿಂದ 15ರೊಳಗೆ. ಆದರೆ ಮಾತ್ರೆ ಪಟ್ಟಿಯ ಹಾಳೆ, ಬದುವಿನ ಮೇಲಿನ 90 ಎಂಎಲ್ ಟೆಟ್ರಾ ಪ್ಯಾಕ್ ಚೂರು ಎಲ್ಲವೂ ಅಲ್ಲೇ ಬರುತ್ತವೆ. 1ರಿಂದ ಮೇಲೆ ಏನೇ ಕೂಗಿದರೂ ಅಗೆಯಬೇಕು, ಬೇರೆ ದಾರಿ ಇಲ್ಲ. ಶುರು ಮಾಡುವ ಮೊದಲು ಅಂಥದ್ದೇ ಸಣ್ಣ ಸರವನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಕೆಂಪು ರಿಬ್ಬನ್ ಕಟ್ಟಿ (ಇನ್ನೊಂದು ಸರ ಕಳೆಯುವುದು ಬೇಡ), ಗದ್ದೆ ಮಣ್ಣಿನಲ್ಲೇ ಎರಡು ಇಂಚು ಹೂತು ಕಾಯಿಲ್ ಆಡಿಸಿ. ಆ ಸದ್ದು ಕಿವಿಗೆ ಕೂರಲಿ. ಉಂಗುರದಲ್ಲಿ ಪರೀಕ್ಷೆ ಮಾಡಿದರೆ ಸರದ ಸದ್ದು ಗೊತ್ತಾಗುವುದಿಲ್ಲ.

ಸದ್ದು ಬಂದ ಜಾಗ ಗುರುತಿಸುವುದು ಹೀಗೆ. ಇವು ಡಿಡಿ ಕಾಯಿಲ್, ಒಳಗೆ ಎರಡು ಸುರುಳಿ ನಡುವಿನಲ್ಲಿ ಒಂದರ ಮೇಲೊಂದು ಹಾದಿರುತ್ತವೆ. ಹಿಡಿಯುವ ಶಕ್ತಿ ಮುಂತುದಿಯಿಂದ ಹಿಂತುದಿಗೆ ಒಂದು ಪಟ್ಟಿಯಾಗಿ ಇರುತ್ತದೆ. ಅಡ್ಡ ಬೀಸಿ, ಆಮೇಲೆ 90 ಡಿಗ್ರಿ ತಿರುಗಿ ಬೀಸಿ, ಎರಡು ಗೆರೆ ಕೂಡುವ ಕಡೆ ವಸ್ತು. ಇಲ್ಲವೇ ಸಣ್ಣಗೆ ಅಲ್ಲಾಡಿಸುತ್ತಾ ಕಾಯಿಲನ್ನು ನಿಮ್ಮ ಕಡೆಗೆ ಎಳೆಯಿರಿ, ಸದ್ದು ನಿಂತ ಕ್ಷಣದಲ್ಲಿ ವಸ್ತು ಮುಂತುದಿಯ ಎದುರಿಗೇ ಇರುತ್ತದೆ. ಅಗೆಯಲು ಗುದ್ದಲಿ ಬೇಡ, ಕೈಗೊರೆ ಸಾಕು. ಮಣ್ಣನ್ನು ಪ್ಲಾಸ್ಟಿಕ್ ಬಟ್ಟಲಿಗೆ ತುಂಬಿ ಕಾಯಿಲ್ ಮುಂದೆ ಆಡಿಸಿ. ಕೂಗಿದರೆ ಅರ್ಧ ಸುರಿಯಿರಿ, ಮತ್ತೆ ಆಡಿಸಿ. ಕೈಯಲ್ಲಿ ಉಂಗುರ, ಬಳೆ, ವಾಚ್ ಇದ್ದರೆ ಅದೇ ಕೂಗುತ್ತದೆ, ಬಿಚ್ಚಿಡಿ. ಸರದ ಒಂದು ಗುಂಡು ಸಿಕ್ಕಿದರೆ ಉಳಿದದ್ದು ಒಂದು ಮಾರು ಒಳಗೇ ಇರುವ ಸಂಭವ ಹೆಚ್ಚು, ಅಲ್ಲಿಂದ ಸುತ್ತು ಹೊಡೆಯಿರಿ.

ಪ್ರಶ್ನೆ (ಮೈಸೂರು, ಬಡಾವಣೆ ನಿವಾಸಿಗಳ ಸಂಘ):
ರಸ್ತೆ ಎತ್ತರಿಸಿದ ಮೇಲೆ ನಮ್ಮ ನೀರಿನ ವಾಲ್ವ್ ಚೇಂಬರ್‌ನ ಕಬ್ಬಿಣದ ಮುಚ್ಚಳ ಒಂದೂವರೆ ಎರಡು ಅಡಿ ಕೆಳಗೆ ಸೇರಿದೆ. ಇದಕ್ಕೂ ಸಣ್ಣ ಕಾಯಿಲೇನಾ?

ಉತ್ತರ:
ಇಲ್ಲ, 15×12 ಕೊಳ್ಳುವುದಿದ್ದರೆ ಇಂಥ ಕೆಲಸಕ್ಕೆ. ಮುಚ್ಚಳ ದೊಡ್ಡದು, ಆಳದಲ್ಲಿದೆ, ನೆಲ ಸಪಾಟು. ಕಬ್ಬಿಣ ತಳ್ಳಿಹಾಕುವ ಸೆಟ್ಟಿಂಗ್ ತೆಗೆದುಬಿಡಿ, ಹುಡುಕುತ್ತಿರುವುದೇ ಕಬ್ಬಿಣ. ಕಾಯಿಲನ್ನು ನೆಲಕ್ಕೆ ತಾಗಿಸದೆ ಒಂದು ಅಡಿ ಎತ್ತರದಲ್ಲಿ ಹಿಡಿದು ನಡೆಯಿರಿ. ಮೇಲಿನ ಮೊಳೆ, ತಂತಿ ಆ ಎತ್ತರಕ್ಕೆ ಮಾಯ, ಮುಚ್ಚಳ ಮಾತ್ರ ಉಳಿಯುತ್ತದೆ. ನಾಲ್ಕೂ ದಿಕ್ಕಿನಿಂದ ಬಂದು ಸದ್ದು ಶುರುವಾದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಗುರುತುಗಳ ನಡುಮಧ್ಯ ಅಗೆಯಿರಿ. ಪೈಪ್ ಪಿವಿಸಿ ಆದರೆ ಡಿಟೆಕ್ಟರ್‌ಗೆ ಕಾಣುವುದಿಲ್ಲ, ಅದರ ಜಾಡು ಹಿಡಿಯುವ ಆಸೆ ಬೇಡ. ಕಾಂಕ್ರೀಟ್ ರಸ್ತೆಯಲ್ಲಿ ಸರಳು ಹಾಕಿದ್ದರೆ ಈ ವಿಧಾನವೂ ಕೆಲಸ ಮಾಡದು.

ಪ್ರಶ್ನೆ (ಮಂಡ್ಯ):
ಶ್ರೀರಂಗಪಟ್ಟಣ ಕೋಟೆ ಹತ್ತಿರ ಜಮೀನಿದೆ. ಹತ್ತು ಅಡಿ ಆಳದ ಪಾತ್ರೆ ಹಿಡಿಯೋ ಕಾಯಿಲ್ ಯಾವುದು ಅಣ್ಣ?

ಉತ್ತರ:
ಈ ಜಾತಿಯ ಮಿಷನ್‌ಗೆ ಹತ್ತು ಅಡಿ ಹಿಡಿಯುವ ಕಾಯಿಲ್ ಇಲ್ಲ. ಇದೆ ಎನ್ನುವವರು ಮಾರುತ್ತಿರುವುದು ಬೇರೆ ಏನನ್ನೋ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಪರವಾನಗಿ ಇಲ್ಲದೆ ಅಗೆಯುವುದು 1958ರ ಪುರಾತನ ಸ್ಮಾರಕಗಳ ಕಾಯಿದೆ ಪ್ರಕಾರ ಅಪರಾಧ. ಸ್ವಂತ ಜಮೀನಿನಲ್ಲಿ ನಿಧಿ ಸಿಕ್ಕರೂ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಈ ಗುಂಪಿನಲ್ಲಿ ಅದರ ಚರ್ಚೆ ಬೇಡ.

ಮರುಪ್ರಶ್ನೆ (ಪಾಂಡವಪುರದ ರೈತರು):
6 ಇಂಚಿನದು ಬಾಡಿಗೆಗೆ ಸಿಕ್ತು ಸಾರ್. ಯಾವುದೋ ಬೇರೆ ಮಿಷನ್ನಿಂದು ಅರ್ಧ ಬೆಲೆಗೆ ಕೊಡ್ತೀನಿ ಅಂತ ಒಬ್ಬರು ಅಂದಿದ್ರು, ಬೇಡ ಅಂದೆ. ಹಾಕುವಾಗ ಏನಾದರೂ ನೋಡ್ಕೋಬೇಕಾ?

ಉತ್ತರ:
ಬೇಡ ಅಂದದ್ದು ಒಳ್ಳೆಯದಾಯಿತು. ಪ್ಲಗ್ ಕೂತರೂ ಒಳಗಿನ ಟ್ಯೂನಿಂಗ್ ಬೇರೆ ಇರುತ್ತದೆ. ಮೈನ್‌ಲ್ಯಾಬ್‌ನದೇ ಎಕ್ಸ್-ಟೆರಾ 705 ಥರದ ಹಳೆಯ ಮಿಷನ್‌ಗಳಲ್ಲಿ ಒಂದೇ ಕಂಪನಿಯೊಳಗೇ 3, 7.5, 18.75 ಕಿಲೋಹರ್ಟ್ಸ್‌ಗೆ ಬೇರೆ ಬೇರೆ ಕಾಯಿಲ್. ಪಲ್ಸ್ ಮಿಷನ್‌ನ (ವಿದ್ಯುತ್ತನ್ನು ಬಿಟ್ಟು ಬಿಟ್ಟು ಕಳಿಸುವ ಬೇರೆ ಜಾತಿಯದು) ಒಂದೇ ಸುರುಳಿಯ ಮೊನೊ ಕಾಯಿಲ್ ಇದಕ್ಕೆ ಬರುವುದೇ ಇಲ್ಲ. ಅಗ್ಗದ ನಕಲಿಯಲ್ಲಿ ಒಳಗಿನ ಶೀಲ್ಡಿಂಗ್ (ಹೊರಗಿನ ಗಲಾಟೆ ತಡೆಯುವ ಪದರ) ಸರಿಯಿರುವುದಿಲ್ಲ, ಒದ್ದೆ ಹುಲ್ಲು ತಾಗಿದರೂ ಕೂಗುತ್ತದೆ.

ಹಾಕುವಾಗ ಮಿಷನ್ ಆಫ್ ಇರಲಿ. ಪ್ಲಗ್‌ನ ಪಿನ್ ಹೊಂದಿಸಿ ನೇರವಾಗಿ ಒತ್ತಿ, ರಿಂಗ್ ಬೆರಳಿನಲ್ಲೇ ತಿರುಗಿಸಿ, ಇಕ್ಕುಳ ಬೇಡ. ಕಾಯಿಲ್ ಕಟ್ಟುವ ಬೋಲ್ಟ್ ಪ್ಲಾಸ್ಟಿಕ್‌ನದೇ ಇರಬೇಕು, ಕಳೆದುಹೋಯಿತೆಂದು ಕಬ್ಬಿಣದ್ದು ಹಾಕಿದರೆ ಮಿಷನ್ ಅದನ್ನೇ ಹಿಡಿಯುತ್ತಾ ಕೂರುತ್ತದೆ. ಎರಡು ಪಕ್ಕದ ರಬ್ಬರ್ ವಾಷರ್ ಮರೆಯಬೇಡಿ. ಕೇಬಲನ್ನು ಕೋಲಿಗೆ ಸಡಿಲ ಬಿಡದೆ ಸುತ್ತಿ ಪಟ್ಟಿ ಕಟ್ಟಿ, ಕಾಯಿಲ್ ಹತ್ತಿರ ಮಾತ್ರ ಬಗ್ಗುವಷ್ಟು ಸಡಿಲ ಇರಲಿ. ಕೇಬಲ್ ಅಲ್ಲಾಡಿದರೂ ಸುಳ್ಳು ಸದ್ದು ಬರುತ್ತದೆ. ಆನ್ ಮಾಡಿ ನಾಯ್ಸ್ ಕ್ಯಾನ್ಸಲ್, ಗ್ರೌಂಡ್ ಬ್ಯಾಲೆನ್ಸ್ ಹೊಸದಾಗಿ ಮಾಡಿ, ಕಾಯಿಲ್ ಅಂಚನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ. ತಟ್ಟಿದಾಗಲೆಲ್ಲಾ ಕೂಗಿದರೆ ಸೆನ್ಸಿಟಿವಿಟಿ ಎರಡು ಇಳಿಸಿ. ಆಗಲೂ ನಿಲ್ಲದಿದ್ದರೆ ತಳದ ಕವರ್ ಬಿಚ್ಚಿ ಒಳಗೆ ಸೇರಿದ ಮಣ್ಣು ಒರೆಸಿ. ಅದಕ್ಕೂ ಬಗ್ಗದಿದ್ದರೆ ಕಾಯಿಲ್ ಒಳಗೇ ಬಿರುಕು ಬಿಟ್ಟಿದೆ, ಬಾಡಿಗೆ ಕೊಟ್ಟವರಿಗೆ ವಾಪಸ್ ಕೊಟ್ಟು ಬೇರೆ ಕೇಳಿ.